ಹಂಚಿನ ಮಾಡಿನ ಕೆಳಗೆ ಡಾಲ್ಬಿ, ಡಿಟಿಎಸ್, ಅಟ್ಮಾಸ್

ನಮ್ಮದು ಬದಿಯಡ್ಕದ ಹತ್ತಿರ, ಅಡಕೆ ತೋಟದ ಮಧ್ಯೆ ಇರುವ ಹಳೇ ಹಂಚಿನ ಮನೆ. ಚಾವಡಿಯಲ್ಲಿ 5.1 ಸೆಟ್, ಅಂದರೆ ಐದು ಸ್ಪೀಕರು ಮತ್ತು ದಪ್ಪ ಶಬ್ದಕ್ಕೆ ಒಂದು ಸಬ್‌ವೂಫರ್, ಇಟ್ಟು ಎಷ್ಟೋ ವರ್ಷ ಆಯಿತು. ಡಾಲ್ಬಿ, ಡಿಟಿಎಸ್ ಎಂದರೆ ಸಿನಿಮಾದ ಶಬ್ದವನ್ನು ಡಿಸ್ಕಿನಲ್ಲಿ ತುಂಬಿಸುವ ಎರಡು ವಿಧಾನಗಳು. ಡಾಲ್ಬಿಗಿಂತ ಡಿಟಿಎಸ್ ಚೆನ್ನಾಗಿದೆ ಎಂದು ಆವಾಗಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೆ. ಎರಡೂ ಟ್ರ್ಯಾಕ್ ಇರುವ ಡಿವಿಡಿಯಲ್ಲಿ ಡಿಟಿಎಸ್‌ಗೆ ಬದಲಾಯಿಸಿದ ಕೂಡಲೇ ಚಾವಡಿ ತುಂಬಿದ ಹಾಗೆ ಆಗುತ್ತಿತ್ತು. ಶಬ್ದಕ್ಕೆ ಎಷ್ಟು ಡೇಟಾ ಬಳಸುತ್ತಾರೆ ಎಂಬ ಅಂಕಿಗಳೂ ನನ್ನ ಕಡೆಗೇ ಇದ್ದವು. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 384 ಅಥವಾ 448 ಕಿಲೋಬಿಟ್, ಡಿಟಿಎಸ್‌ಗೆ 754 ಅಥವಾ 1509.

ಒಮ್ಮೆ ಬಂದಿದ್ದ ಭಾವ ಕೇಳಿದರು: "ಎರಡರದ್ದೂ ವಾಲ್ಯೂಮ್ ಒಂದೇ ಉಂಟಾ ಭಾವ?"

ನಾನು ಅಳೆದೇ ಇರಲಿಲ್ಲ. ಮೊಬೈಲಿನಲ್ಲಿ ಸೌಂಡ್ ಮೀಟರ್ ಹಾಕಿಕೊಂಡು, ಒಂದೇ ದೃಶ್ಯವನ್ನು ಎರಡು ಸಲ ಓಡಿಸಿದೆವು. ಡಿಟಿಎಸ್ ಸುಮಾರು 4 ಡೆಸಿಬೆಲ್ ಜಾಸ್ತಿ! ಡಾಲ್ಬಿ ಟ್ರ್ಯಾಕಿನಲ್ಲಿ ಮಾತಿನ ಮಟ್ಟ ಇಷ್ಟು ಎಂಬ ಗುರುತು ಇರುತ್ತದೆ. ಅದಕ್ಕೆ ಡೈಲಾಗ್ ನಾರ್ಮಲೈಸೇಶನ್ ಎನ್ನುತ್ತಾರೆ. ಅದನ್ನು ನೋಡಿ ರಿಸೀವರ್, ಅಂದರೆ ಶಬ್ದವನ್ನು ಬಿಚ್ಚಿ ಸ್ಪೀಕರುಗಳಿಗೆ ಕೊಡುವ ಪೆಟ್ಟಿಗೆ, ತಾನಾಗಿಯೇ ಶಬ್ದ ತಗ್ಗಿಸುತ್ತದೆ. ನಾನು ಇಷ್ಟು ವರ್ಷ ಮೆಚ್ಚಿಕೊಂಡದ್ದು ಜೋರು ಶಬ್ದವನ್ನು.

ಮಟ್ಟ ಸರಿಮಾಡಿ, ರಿಸೀವರಿನ ಡಿಸ್‌ಪ್ಲೇ ಮೇಲೆ ಬೈರಾಸು ಹೊದೆಸಿದೆವು. ಭಾವ ಟ್ರ್ಯಾಕ್ ಬದಲಿಸುತ್ತಾ ಹೋದರು. ಹತ್ತು ಸಲದಲ್ಲಿ ನಾನು ಸರಿ ಹೇಳಿದ್ದು ಆರು ಸಲ. ಸುಮ್ನೆ ಊಹಿಸಿದರೂ ಐದು ಬರುತ್ತದೆ ಅಲ್ವಾ?

ಡಿವಿಡಿಯ ನಂತರದ ಬ್ಲೂ-ರೇ ಡಿಸ್ಕ್ ಬಂದ ಮೇಲೆ ಈ ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಏನನ್ನೂ ಕಳೆಯದೆ ಮೂಲವನ್ನೇ ಬಿಚ್ಚಿ ಕೊಡುತ್ತವೆ. ಅಲ್ಲಿ ನೋಡಬೇಕಾದದ್ದು ವಯರು. ನಾನು ಪ್ಲೇಯರನ್ನು ಟಿವಿಗೆ, ಟಿವಿಯಿಂದ ಎಆರ್‌ಸಿ ಮೂಲಕ, ಅಂದರೆ ಟಿವಿಯ ಶಬ್ದವನ್ನು ಎಚ್‌ಡಿಎಂಐ ವಯರಿನಲ್ಲೇ ವಾಪಸ್ ಕಳಿಸುವ ದಾರಿಯಲ್ಲಿ, ರಿಸೀವರಿಗೆ ಕೊಟ್ಟಿದ್ದೆ. ಟ್ರೂಎಚ್‌ಡಿ ಡಿಸ್ಕ್ ಹಾಕಿದರೂ ಡಿಸ್‌ಪ್ಲೇಯಲ್ಲಿ ಬರೀ ಡಾಲ್ಬಿ ಡಿಜಿಟಲ್ ಎಂದೇ ಬರುತ್ತಿತ್ತು. ಎಆರ್‌ಸಿಯಲ್ಲಾಗಲಿ ಆಪ್ಟಿಕಲ್ ವಯರಿನಲ್ಲಾಗಲಿ ಟ್ರೂಎಚ್‌ಡಿ ಹೋಗುವುದಿಲ್ಲ. ಒಂದೋ ಅದರ ಹೊಸ ರೂಪವಾದ ಇಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರ ರಿಸೀವರಿಗೇ ಚುಚ್ಚಬೇಕು. ನಾನು ಎರಡನೆಯದನ್ನು ಮಾಡಿದೆ.

ನಿಜವಾದ ವ್ಯತ್ಯಾಸ ಕೇಳಿದ್ದು ಡಾಲ್ಬಿಯದ್ದೇ ಆದ ಅಟ್ಮಾಸ್‌ನಲ್ಲಿ. ಹಳೆಯ 5.1ರಲ್ಲಿ ಯಾವ ಶಬ್ದ ಯಾವ ಸ್ಪೀಕರಿಗೆ ಎಂದು ಮೊದಲೇ ಹಂಚಿ ಇಟ್ಟಿರುತ್ತಾರೆ. ಅಟ್ಮಾಸ್‌ನಲ್ಲಿ ಹಲವು ಶಬ್ದಗಳಿಗೆ ಅವು ಕೋಣೆಯ ಯಾವ ಜಾಗದಲ್ಲಿ ಇರಬೇಕು ಎಂದು ಬರೆದಿರುತ್ತದೆ. ನಿಮ್ಮಲ್ಲಿ ಇರುವ ಸ್ಪೀಕರುಗಳಿಗೆ ತಕ್ಕಂತೆ ರಿಸೀವರ್ ಅದನ್ನು ಹಂಚುತ್ತದೆ. ಥಿಯೇಟರುಗಳಿಗೆ 2012ರಲ್ಲಿ, ಮನೆಗಳಿಗೆ 2014ರಲ್ಲಿ ಬಂತು. ಒಟಿಟಿಯಲ್ಲಿ ಅಟ್ಮಾಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್‌ನ ಮುಂದಿನ ರೂಪವಾದ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಬರುತ್ತದೆ. ಟಿವಿ ಒಪ್ಪಿದರೆ ಅದಕ್ಕೆ ಮಾಮೂಲಿ ಎಆರ್‌ಸಿಯೇ ಸಾಕು.

ಆದರೆ ನಾನು ಮೊದಲು ತಂದದ್ದು ಮೇಲ್ಮುಖದ ಸ್ಪೀಕರುಗಳನ್ನು. ಅವು ಶಬ್ದವನ್ನು ಮೇಲಕ್ಕೆ ಎಸೆಯುತ್ತವೆ. ಅದು ಸಪಾಟು ಸೀಲಿಂಗಿಗೆ ಬಡಿದು ನಮ್ಮ ಮೇಲೆ ಇಳಿಯಬೇಕು. ನಮ್ಮ ಚಾವಡಿಗೆ ಮುಚ್ಚಿಗೆ ಇಲ್ಲ, ಮೇಲೆ ಇಳಿಜಾರಾದ ಹಂಚು ಮಾತ್ರ. ಶಬ್ದ ಎಲ್ಲೋ ಹೋಗಿ ಚದರಿತು. ಮೂರು ವಾರ ಸೆಟ್ಟಿಂಗ್ ತಿರುಗಿಸಿದರೂ ಎತ್ತರದ ಅನುಭವ ಬರಲೇ ಇಲ್ಲ. ಕೊನೆಗೆ ಎರಡು ಸಣ್ಣ ಸ್ಪೀಕರುಗಳನ್ನು ಹಂಚಿನ ಅಡಿಯ ಮರದ ಪಕ್ಕಾಸಿಗೇ ಗಟ್ಟಿಯಾಗಿ ಬಿಗಿದೆ, ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆ, ಕೆಳಮುಖವಾಗಿ. ಇಲಿ ಕಡಿಯದ ಹಾಗೆ ವಯರನ್ನು ಪೈಪಿನೊಳಗೆ ಎಳೆದೆ. ಆ ರಾತ್ರಿ ಸಿನಿಮಾದಲ್ಲಿ ಮಳೆ ಬಂದಾಗ ಅಮ್ಮ ಎದ್ದು ಜಗಲಿಗೆ ಹೋದರು, ಅಂಗಳದಲ್ಲಿ ಒಣಗಲು ಹಾಕಿದ ಅಡಕೆ ನೆನಪಾಗಿ.

ಯಕ್ಷಗಾನಕ್ಕೆ ಮಾತ್ರ ನಾನು ಇದ್ಯಾವುದನ್ನೂ ಹಾಕುವುದಿಲ್ಲ. ನನ್ನ ಹತ್ತಿರ ಇರುವ ರೆಕಾರ್ಡಿಂಗುಗಳೆಲ್ಲ ಸ್ಟೀರಿಯೋ. ರಿಸೀವರ್ ಅದನ್ನು ಸರೌಂಡ್ ಮಾಡಿದರೆ ಚೆಂಡೆಯ ಪೆಟ್ಟು ಬೆನ್ನ ಹಿಂದೆಯೂ ಕೇಳುತ್ತದೆ. ಹಿಮ್ಮೇಳ ಇರುವುದು ರಂಗಸ್ಥಳದಲ್ಲಿ, ನಮ್ಮ ಎದುರಿಗೆ. ಅದಕ್ಕೆ ಎದುರಿನ ಎರಡೇ ಸ್ಪೀಕರು.