ವಯಸ್ಕರ ಸಿನಿಮಾಕ್ಕೆ ಕಥೆ ಹೆಣೆಯುವುದು ಹೇಗೆ

ಕಥೆ ಬೇಕಾ? ಬೇಕು, ಆದರೆ ಸ್ವಲ್ಪ ಸಾಕು. 1970ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಸಿನಿಮಾಗಳು ಥಿಯೇಟರಿನಲ್ಲಿ ಓಡುತ್ತಿದ್ದವು. ಜನರನ್ನು ಕೊನೆತನಕ ಕೂರಿಸಲು ಕಥೆ ಬೇಕಿತ್ತು. ವಿಡಿಯೊ ಕ್ಯಾಸೆಟ್ ಬಂತು, ಫಾರ್ವರ್ಡ್ ಬಟನ್ ಕಥೆಯನ್ನು ನುಂಗಿತು.

ಮೊದಲು ನಿಮ್ಮ ಕಥೆಯ ಇಬ್ಬರು ಮುಖ್ಯ ಪಾತ್ರಗಳು ಯಾರು, ಅವರ ನಡುವೆ ಅಡ್ಡ ಬಂದಿರುವುದೇನು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಆ ಅಡ್ಡಿಯೇ ಕಥೆ. ನಾನು ಎಡಿಟ್ ಮಾಡಿದ ಒಂದು ಸಿನಿಮಾದಲ್ಲಿ, ಬೇರೆಯಾದ ಗಂಡ ಹೆಂಡತಿ ಮನೆ ಖಾಲಿ ಮಾಡಲು ಬರುತ್ತಾರೆ. ಅವಳು ರಟ್ಟಿನ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಾಳೆ, ಅವನು ಮುಚ್ಚಳ ಒತ್ತಿ ಹಿಡಿಯುತ್ತಾನೆ. ಬೆರಳು ತಾಕುತ್ತದೆ. ಇಬ್ಬರೂ ಕೈ ತೆಗೆಯುವುದಿಲ್ಲ. 11 ಸೆಕೆಂಡು, ಮಾತೇ ಇಲ್ಲ. ಸುಮ್ನೆ ಉದ್ದ, ಕತ್ತರಿಸಿ ಅಂತ ಜೊತೆಯವರು ಅಂದರು. ನಾನು ಒಪ್ಪಲಿಲ್ಲ. ಮುಂದಿನದಕ್ಕೆಲ್ಲ ಬಿಸಿ ಬಂದಿದ್ದೇ ಅಲ್ಲಿಂದ, ಅಲ್ವಾ?

ಸಂಭಾಷಣೆ ಕಡಿಮೆ ಇರಲಿ. ಮುಖ್ಯ ದೃಶ್ಯ ಶುರುವಾದ ಕೂಡಲೇ ಪಾತ್ರ ಮಾಯವಾಗಬಾರದು. ನಾಚಿಕೆಯವಳು ಅಲ್ಲೂ ನಾಚಿಕೆಯವಳೇ. ಇದನ್ನೇ ಜಾಸ್ತಿ ಜನ ಮರೆಯುತ್ತಾರೆ.

ಸ್ಕ್ರಿಪ್ಟನ್ನು ಕಲಾವಿದರಿಗೆ ಮುಂಚೆಯೇ ಕೊಡಿ, ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ ಅಂತ ಬರೆಸಿಕೊಳ್ಳಿ. ಕಥೆಯ ನೆಪ ಹೇಳಿ ಸೆಟ್‌ನಲ್ಲಿ ಹೊಸದೇನನ್ನೂ ಸೇರಿಸಬೇಡಿ.