ಗೇಮ್‌ನ ಡ್ರಮ್ಸ್: ಕೈಗಿಂತ ಮೊದಲು ಕಾಲಿಗೆ ಪಾಠ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಕೆಲವು ಹುಡುಗರು ಭಾನುವಾರ ಸಂಜೆ ನಮ್ಮ ಮನೆಯ ಮಹಡಿಗೆ ಬಂದು ಡ್ರಮ್ಸ್ ಗೇಮ್ ಆಡುತ್ತಾರೆ. ವರ್ಷದಿಂದ ವರ್ಷಕ್ಕೆ ಹುಡುಗರು ಬದಲಾದರೂ ಅವರು ಎಡವುವ ಜಾಗ ಮಾತ್ರ ಬದಲಾಗಿಲ್ಲ. ಈಸಿ ಮತ್ತು ಮೀಡಿಯಂ ಹಂತಗಳನ್ನು ಎರಡು ಮೂರು ವಾರಗಳಲ್ಲಿ ದಾಟುತ್ತಾರೆ. ಹಾರ್ಡ್ ಹಂತಕ್ಕೆ ಬಂದೊಡನೆ ಕಾಲಿನಿಂದ ಒತ್ತುವ ಕಿಕ್ ಪೆಡಲ್ ತಪ್ಪುತ್ತದೆ, ಅದು ತಪ್ಪಿದ ಗಾಬರಿಗೆ ಕೈಯೂ ತಪ್ಪುತ್ತದೆ, ಕೊನೆಗೆ “ಕಾಕಾ, ಈ ಪೆಡಲ್ ಸರಿ ಇಲ್ರೀ” ಎಂಬ ದೂರು ಬರುತ್ತದೆ. ನಾನು ಕುಳಿತು ಬಾರಿಸಿದರೆ ಅದೇ ಪೆಡಲ್ ಸರಿಯಾಗಿ ಕೆಲಸ ಮಾಡುತ್ತದೆ. ಹೀಗಾಗಿ ಈ ಲೇಖನದಲ್ಲಿ ಕಾಲಿನ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಈ ಗೇಮ್‌ಗಳಲ್ಲಿ ಹಾಡು ನಡೆಯುತ್ತಿರುವಾಗ ಪರದೆಯ ಮೇಲೆ ಬಣ್ಣದ ಗುರುತುಗಳು, ಅಂದರೆ ನೋಟ್‌ಗಳು, ಇಳಿದು ಬರುತ್ತವೆ; ಅವು ಗೆರೆ ಮುಟ್ಟಿದಾಗ ಅದೇ ಬಣ್ಣದ ಪ್ಯಾಡನ್ನು ಕೋಲಿನಿಂದ ಹೊಡೆಯಬೇಕು, ಕಿಕ್ ಗುರುತಿಗೆ ಪೆಡಲ್ ಒತ್ತಬೇಕು. ಹಾರ್ಮೋನಿಕ್ಸ್ ಸಂಸ್ಥೆಯ ರಾಕ್ ಬ್ಯಾಂಡ್ 2007ರಲ್ಲಿ ಬಂದಾಗ ಅದರ ಡ್ರಮ್ಸ್‌ನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಪ್ಯಾಡ್‌ಗಳೂ ಒಂದು ಪೆಡಲ್ಲೂ ಇದ್ದವು. 2008ರ ಗಿಟಾರ್ ಹೀರೋ ವರ್ಲ್ಡ್ ಟೂರ್ ಮೂರು ಪ್ಯಾಡ್ ಮತ್ತು ಎರಡು ಸಿಂಬಲ್‌ಗಳ (ಲೋಹದ ತಟ್ಟೆಯ ಜಾಗದಲ್ಲಿರುವ ಪ್ಯಾಡ್‌ಗಳ) ಕ್ರಮವನ್ನು ತಂದಿತು; 2010ರ ರಾಕ್ ಬ್ಯಾಂಡ್ 3ರಲ್ಲಿ ನಾಲ್ಕು ಪ್ಯಾಡ್‌ಗಳ ಜೊತೆಗೆ ಮೂರು ಸಿಂಬಲ್‌ಗಳನ್ನು ಸೇರಿಸಿ ಆಡುವ ಪ್ರೊ ಡ್ರಮ್ಸ್ ವಿಧಾನ ಬಂದಿತು. ಇಂದು ಕಂಪ್ಯೂಟರಿನಲ್ಲಿ ಆಡುವವರು ಹೆಚ್ಚಾಗಿ ಬಳಸುವುದು ಉಚಿತವಾಗಿ ಸಿಗುವ ಕ್ಲೋನ್ ಹೀರೋವನ್ನು. ಅದಕ್ಕೆ ಹಳೆಯ ಪ್ಲಾಸ್ಟಿಕ್ ಸೆಟ್ಟನ್ನೂ ಜೋಡಿಸಬಹುದು, ಯುಎಸ್‌ಬಿ ಇರುವ ಎಲೆಕ್ಟ್ರಾನಿಕ್ ಡ್ರಮ್ಸನ್ನೂ ಜೋಡಿಸಬಹುದು.

ಮೊದಲು ಕೂರುವ ವ್ಯವಸ್ಥೆ. ತೋಳಿರುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಡ್ರಮ್ಸ್ ಬಾರಿಸಲು ಹೋದರೆ ಮೊಣಕೈ ತಾಗುತ್ತದೆ, ಆದ್ದರಿಂದ ತೋಳಿಲ್ಲದ ಸ್ಟೂಲ್ ಇರಲಿ. ಕುಳಿತಾಗ ತೊಡೆ ಮೊಣಕಾಲಿನ ಕಡೆಗೆ ತುಸು ಇಳಿಜಾರಾಗಿರಬೇಕು. ನಮ್ಮ ಭಾಗದ ಮನೆಗಳ ಶಹಾಬಾದ್ ಫರ್ಸಿಯ ಮೇಲೆ ಪೆಡಲ್ ಪ್ರತಿ ಒತ್ತಿಗೂ ಒಂದೊಂದು ಬೆರಳಿನಷ್ಟು ಮುಂದೆ ಜಾರುತ್ತಾ ಹಾಡು ಮುಗಿಯುವ ಹೊತ್ತಿಗೆ ಗೋಡೆ ಸೇರಿರುತ್ತದೆ. ಇದನ್ನು ತಡೆಯಲು ಜಮಖಾನೆ ಹಾಸುವವರಿದ್ದಾರೆ. ನವಲಗುಂದದ ಜಮಖಾನೆ ಎಷ್ಟೇ ಚೆಂದವಿದ್ದರೂ ಅದು ಹತ್ತಿಯದು, ಪೆಡಲ್ಲಿನೊಂದಿಗೆ ತಾನೂ ಜಾರುತ್ತದೆ. ಎರಡು ಪದರ ಮಡಿಚಿದ ಸೆಣಬಿನ ಗೋಣಿಚೀಲವನ್ನು ಹಾಸಿ, ಅದರ ಮೇಲೆ ಪೆಡಲ್ಲನ್ನೂ ಸ್ಟೂಲಿನ ಮುಂದಿನ ಕಾಲುಗಳನ್ನೂ ಇಡಿ. ನಿಮ್ಮ ತೂಕವೇ ಚೀಲವನ್ನು ಹಿಡಿದಿಡುತ್ತದೆ, ಕೆಳಗಿನ ಮನೆಯವರಿಗೆ ಕೇಳುವ ದಡ ದಡ ಸದ್ದೂ ತಗ್ಗುತ್ತದೆ.

ಕೋಲುಗಳು 5ಎ ಎಂಬ ಮಧ್ಯಮ ದಪ್ಪದ ಅಳತೆಯವಿರಲಿ, ಬೇರೆ ಯಾವುದೂ ಬೇಡ. ಸುತ್ತಿ ಚೀಲದಲ್ಲಿಡಬಹುದಾದ ರಬ್ಬರ್ ಹಾಳೆಯ ಡ್ರಮ್ಸ್ ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತದೆ. ಅದಕ್ಕೆ ಹಣ ಹಾಕಬೇಡಿ. ಅದರ ಮೇಲೆ ಕೋಲು ಪುಟಿಯುವುದಿಲ್ಲ, ಪುಟಿಯದ ಕೋಲನ್ನು ಪ್ರತಿ ಸಲವೂ ಎತ್ತಬೇಕಾದ್ದರಿಂದ ಮಣಿಕಟ್ಟು ಸೋಲುತ್ತದೆ, ಅದರ ಪೆಡಲ್ ಎಂಬುದು ಕೇವಲ ಒಂದು ಗುಂಡಿ. ಅದಕ್ಕಿಂತ ಬಳಸಿದ ಹಳೆಯ ಸೆಟ್ ಎಷ್ಟೋ ಪಾಲು ಮೇಲು, ಆದರೆ ಕೊಳ್ಳುವ ಮುನ್ನ ಪೆಡಲ್ಲಿನ ನಡುಭಾಗದಲ್ಲಿ ಸೀಳು ಬಿಟ್ಟಿದೆಯೇ ಎಂದು ತಿರುಗಿಸಿ ನೋಡಿ.

ಎಲೆಕ್ಟ್ರಾನಿಕ್ ಡ್ರಮ್ಸ್ ಜೋಡಿಸುವವರು ಯಾವ ಪ್ಯಾಡಿಗೆ ಯಾವ ಬಣ್ಣ ಎಂಬುದನ್ನು ಗೇಮ್‌ಗೆ ತಿಳಿಸಬೇಕಾಗುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಸಂಕೇತ ಕಳಿಸುವ ಮಿಡಿ ಕ್ರಮದಲ್ಲಿ ಕಿಕ್‌ಗೆ 36, ಸ್ನೇರ್ ಎಂಬ ಡ್ರಮ್ಮಿಗೆ 38, ಮುಚ್ಚಿದ ಹೈ-ಹ್ಯಾಟ್‌ಗೆ (ಎಡಗಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) 42, ತೆರೆದ ಹೈ-ಹ್ಯಾಟ್‌ಗೆ 46 ಎಂಬ ಸಂಖ್ಯೆಗಳಿವೆ. ಬಹಳ ಜನ 42ನ್ನು ಮಾತ್ರ ಹಳದಿಗೆ ಕೊಟ್ಟು ಮುಗಿಸುತ್ತಾರೆ. ಆಡುತ್ತಾ ಎಡಗಾಲು ಹೈ-ಹ್ಯಾಟ್ ಪೆಡಲ್ಲಿನಿಂದ ತುಸು ಮೇಲೆದ್ದರೂ ಡ್ರಮ್ಸ್ 46ನ್ನು ಕಳಿಸುತ್ತದೆ, ಗೇಮ್‌ಗೆ ಅದು ಗೊತ್ತಿಲ್ಲ, ಸರಿಯಾಗಿ ಹೊಡೆದ ಏಟು ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಹಳದಿಗೇ ಕೊಡಿ.

ಅನಂತರ ಕ್ಯಾಲಿಬ್ರೇಶನ್, ಅಂದರೆ ಚಿತ್ರ ಮತ್ತು ಸದ್ದಿನ ತಡವನ್ನು ಗೇಮ್‌ನೊಂದಿಗೆ ಹೊಂದಿಸುವುದು. ಟೀವಿಯಲ್ಲಿ ಗೇಮ್ ಮೋಡ್ ಹಾಕಿ, ಬ್ಲೂಟೂತ್ ಹೆಡ್‌ಫೋನ್ ತೆಗೆದಿಟ್ಟು ವೈರ್ ಇರುವುದನ್ನು ಹಾಕಿ, ಆಮೇಲೆ ಗೇಮ್‌ನೊಳಗಿನ ಕ್ಯಾಲಿಬ್ರೇಶನ್ ಮಾಡಿ. ಇದನ್ನು ಬಿಟ್ಟು ಮುಂದೆ ಹೋದರೆ ಆಗುವ ನಷ್ಟಕ್ಕೆ ಒಂದು ಲೆಕ್ಕವಿದೆ: ನಿಮಿಷಕ್ಕೆ 120 ಬೀಟ್‌ಗಳ ಹಾಡಿನಲ್ಲಿ ಒಂದು ಬೀಟ್ ಎಂದರೆ 500 ಮಿಲಿಸೆಕೆಂಡ್, ಅದರ ಕಾಲುಭಾಗ 125 ಮಿಲಿಸೆಕೆಂಡ್, ಟೀವಿ ಅಥವಾ ಬ್ಲೂಟೂತ್ 100 ಮಿಲಿಸೆಕೆಂಡ್ ತಡಮಾಡಿದರೆ ನೀವು ಸರಿಸುಮಾರು ಪಕ್ಕದ ಮನೆಯ ಏಟನ್ನು ಹೊಡೆಯುತ್ತಿರುತ್ತೀರಿ. ನೋಟ್ ಇಳಿಯುವ ವೇಗವನ್ನು ಹೆಚ್ಚಿಸಿಕೊಳ್ಳಿ. ನಿಧಾನವಾಗಿದ್ದಷ್ಟೂ ನೋಟ್‌ಗಳು ಒತ್ತೊತ್ತಾಗಿ ಕಂಡು ಕಣ್ಣು ಗೊಂದಲಕ್ಕೆ ಬೀಳುತ್ತದೆ.

ಇನ್ನು ಕಾಲು. ಹುಡುಗರ ಪಾದವನ್ನು ಪಕ್ಕದಲ್ಲಿ ಕುಳಿತು ನೋಡಿದಾಗ ಮೊದಲು ಕಂಡ ದೋಷವೆಂದರೆ, ಒತ್ತಿದ ಪೆಡಲ್ಲನ್ನು ಅವರು ಬಿಡುವುದೇ ಇಲ್ಲ. ಒತ್ತಿ ಅದರ ಮೇಲೆಯೇ ಪಾದವಿಟ್ಟು ವಿಶ್ರಮಿಸುತ್ತಾರೆ. ಪೆಡಲ್ ಸಾಕಷ್ಟು ಮೇಲೆದ್ದ ಹೊರತು ಎರಡನೆಯ ಒತ್ತು ದಾಖಲಾಗುವುದಿಲ್ಲವಾದ್ದರಿಂದ ಜೋಡಿ ಕಿಕ್ ಬಂದಾಗ ಎರಡನೆಯದು ಖಚಿತವಾಗಿ ತಪ್ಪುತ್ತದೆ, ಪೆಡಲ್ ಸರಿ ಇಲ್ಲವೆಂಬ ದೂರು ಹುಟ್ಟುವುದು ಇಲ್ಲಿಯೇ. ಆರಂಭದಲ್ಲಿ ಹಿಮ್ಮಡಿಯನ್ನು ಪೆಡಲ್ಲಿನ ಹಿಂತುದಿಗೆ ಊರಿ, ಬೆರಳುಗಳ ಬುಡದಿಂದ ಒತ್ತಿ, ಒತ್ತಿದಷ್ಟೇ ಬೇಗ ಬೆರಳೆತ್ತುವುದನ್ನು ರೂಢಿಸಿಕೊಳ್ಳಿ. ಹಿಮ್ಮಡಿ ಎತ್ತಿ ಬಾರಿಸುವುದು ವೇಗದ ಹಾಡುಗಳಿಗೆ ಬೇಕಾಗುತ್ತದೆ ನಿಜ, ಆದರೆ ಅದನ್ನು ಮೊದಲೇ ಕಲಿತವರು ಇಡೀ ಕಾಲನ್ನು ಎತ್ತಿ ಕುಕ್ಕುತ್ತಾರೆ. ಹೋಳಿಯಲ್ಲಿ ಜಗ್ಗಲಿಗೆ ಬಾರಿಸಿ ಬಂದ ಹುಬ್ಬಳ್ಳಿಯ ಹುಡುಗರಿಗಂತೂ ಈ ಚಟ ಕೈಯಲ್ಲೂ ಇರುತ್ತದೆ: ಭುಜದಿಂದ ಬೀಸಿ ಹೊಡೆಯುತ್ತಾರೆ. ಎತ್ತಿನ ಬಂಡಿಯ ಗಾಲಿಯಷ್ಟಗಲದ ವಾದ್ಯಕ್ಕೆ ಅದು ಸರಿ, ಊಟದ ತಟ್ಟೆಯಷ್ಟಗಲದ ಪ್ಯಾಡಿಗೆ ಮಣಿಕಟ್ಟು ಸಾಕು.

ಎರಡನೆಯ ದೋಷ ಕಾಲು ಕೈಗಳು ಒಂದಕ್ಕೊಂದು ಅಂಟಿಕೊಂಡಿರುವುದು. ಇದನ್ನು ಬಿಡಿಸುವ ಅಭ್ಯಾಸಕ್ಕೆ ಗೇಮ್ ಬೇಡವೇ ಬೇಡ. ಊರಿನಲ್ಲಿ ತಬಲಾ ಕಿವಿಗೆ ಬಿದ್ದೇ ಬಿದ್ದಿರುವುದರಿಂದ ಒಂದು, ಎರಡು ಎಂದು ಎಣಿಸುವ ಬದಲು “ತಿರಕಿಟ” ಎಂದು ಬಾಯಲ್ಲಿ ಹೇಳಿಕೊಳ್ಳಿ. ಒಂದು ಬೀಟಿಗೆ ಒಂದು ತಿರಕಿಟ. ನಾಲ್ಕು ತಿರಕಿಟ ಸೇರಿದರೆ ಒಂದು ಬಾರ್, ಒಟ್ಟು 16 ಅಕ್ಷರ, ತೀನ್‌ತಾಲದ ಮಾತ್ರೆಗಳಷ್ಟೇ. ಬಲಗೈ ಪ್ರತಿ “ತಿ”ಗೂ ಪ್ರತಿ “ಕಿ”ಗೂ ಹಳದಿಯನ್ನು ಹೊಡೆಯಲಿ. ಎಡಗೈ ಎರಡನೆಯ ಮತ್ತು ನಾಲ್ಕನೆಯ ತಿರಕಿಟದ “ತಿ”ಗೆ ಕೆಂಪನ್ನು ಹೊಡೆಯಲಿ. ಕಾಲು ಒಂದನೆಯ ಮತ್ತು ಮೂರನೆಯ “ತಿ”ಗೆ ಬೀಳಲಿ. ರಾಕ್ ಹಾಡುಗಳ ಮೂಲ ನಡೆ ಇದೇ, ಮೀಡಿಯಂ ಹಂತದವರೆಗೆ ಹೆಚ್ಚುಕಡಿಮೆ ಇಷ್ಟರಲ್ಲೇ ಸಾಗುತ್ತದೆ.

ಈಗ ಮೂರನೆಯ ತಿರಕಿಟದ “ಕಿ”ಗೂ ಒಂದು ಕಿಕ್ ಸೇರಿಸಿ. ಬಲಗೈಯೂ ಅಲ್ಲೇ ಬೀಳುವುದರಿಂದ ಕಾಲಿಗೆ ಜೊತೆ ಸಿಗುತ್ತದೆ, ಎರಡು ದಿನದಲ್ಲಿ ಬರುತ್ತದೆ. ಕಷ್ಟ ಶುರುವಾಗುವುದು ಕಿಕ್ “ಟ”ದ ಮೇಲೆ ಬಂದಾಗ. ಎರಡನೆಯ ತಿರಕಿಟದ “ಟ”ಕ್ಕೆ ಒಂದು ಕಿಕ್, ಅದರ ಬೆನ್ನಿಗೇ ಮೂರನೆಯದರ “ತಿ”ಗೆ ಇನ್ನೊಂದು. “ಟ” ಬಂದಾಗ ಎರಡೂ ಕೈಗಳು ಗಾಳಿಯಲ್ಲಿರುತ್ತವೆ, ಕಾಲು ಒಂಟಿಯಾಗಿ ಬೀಳಬೇಕು. ಇಲ್ಲಿ ಬಲಗೈ ಕಾಲಿನ ಜೊತೆ ತಾನೂ ಇಳಿದು ಇಲ್ಲದ ಹಳದಿಯನ್ನು ಹೊಡೆದುಬಿಡುತ್ತದೆ, ಇಲ್ಲವೇ ಕಾಲು ತಡವಾಗಿ “ತಿ”ಗೆ ಹೋಗಿ ಅಂಟಿಕೊಂಡು ಎರಡು ಕಿಕ್ ಇರಬೇಕಾದಲ್ಲಿ ಒಂದೇ ಆಗುತ್ತದೆ.

ಇದಕ್ಕೆ ನನಗೆ ಫಲ ಕೊಟ್ಟ ಕ್ರಮ ಹೀಗಿದೆ. ಎಡಗೈಯನ್ನು ತೊಡೆಯ ಮೇಲಿಡಿ, ಬಲಗೈ ಮತ್ತು ಕಾಲು ಮಾತ್ರ ಆಡಲಿ. ಲಯಕ್ಕೆ ಟಿಕ್ ಟಿಕ್ ಎನ್ನುವ ಮೊಬೈಲಿನ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಅಲ್ಲಿ ಒಂದೊಂದು ಅಕ್ಷರಕ್ಕೆ ಕಾಲು ಸೆಕೆಂಡ್ ಸಿಗುತ್ತದೆ. ಕಿಕ್ ಇರುವ “ಟ”ವನ್ನು ಉಳಿದ ಅಕ್ಷರಗಳಿಗಿಂತ ಗಟ್ಟಿಯಾಗಿ ಕೂಗಿ, ಏಕೆಂದರೆ ಬಾಯಿ ಹೇಳಿದ್ದನ್ನು ಕಾಲು ಕೇಳುತ್ತದೆ, ಕಣ್ಣು ಕಂಡದ್ದನ್ನು ಅಷ್ಟು ಬೇಗ ಕೇಳುವುದಿಲ್ಲ. ಒಂದು ನಿಮಿಷ ತಪ್ಪಿಲ್ಲದೆ ನಡೆದರೆ ವೇಗವನ್ನು 5 ಏರಿಸಿ, ತಪ್ಪಿದರೆ 10 ಇಳಿಸಿ. ಎಡಗೈಯನ್ನು 80 ಮುಟ್ಟಿದ ಮೇಲೆ ಸೇರಿಸಿ, ಸೇರಿಸಿದೊಡನೆ ಮತ್ತೆ 60ಕ್ಕೆ ಮರಳಿ. ದಿನಕ್ಕೆ 15 ನಿಮಿಷ ಸಾಕು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಸೆಳೆತ ಕಂಡರೆ ಅಂದಿಗೆ ನಿಲ್ಲಿಸಬೇಕು. ಹಟ ಹಿಡಿದವರು ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ.

ಕಿಕ್ಕನ್ನು ಗೇಮ್ ತಾನೇ ಬಾರಿಸಿಕೊಳ್ಳುವ ಸೌಲಭ್ಯ ಕೆಲವು ಗೇಮ್‌ಗಳಲ್ಲಿದೆ. ಕಾಲಿಗೆ ಪೆಟ್ಟಾದವರ ಹೊರತು ಯಾರೂ ಅದನ್ನು ಹಾಕಿಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ಪೆಡಲ್ ಕೊಂಡು ಎಡಗಾಲಿಗೆ ಕೆಲಸ ಹಂಚುವುದೂ ಈಗಲೇ ಬೇಡ. 2009ರ ಗಿಟಾರ್ ಹೀರೋ ಮೆಟಾಲಿಕಾದಲ್ಲಿ ಜೋಡಿ ಪೆಡಲ್ಲಿಗಾಗಿಯೇ ಎಕ್ಸ್‌ಪರ್ಟ್ ಪ್ಲಸ್ ಎಂಬ ಪ್ರತ್ಯೇಕ ಹಂತವನ್ನಿಟ್ಟಿದ್ದರು. ಉಳಿದ ಹಾಡುಗಳಲ್ಲಿ ಬಹುಪಾಲು ಒಂದೇ ಕಾಲಿನಲ್ಲಿ ಆಗುವಂಥವು.

ಕಾಲು ಪಳಗಿದ ಮೇಲೆ ಹಾಡಿಗೆ ಬನ್ನಿ. ಪ್ರಾಕ್ಟೀಸ್ ಮೋಡ್‌ನಲ್ಲಿ ತಪ್ಪುವ ಭಾಗವನ್ನಷ್ಟೇ ಆರಿಸಿ, ವೇಗವನ್ನು ಶೇ. 60ಕ್ಕೆ ಇಳಿಸಿ, ಹತ್ತು ಸಲ ಬಾರಿಸಿ. ಇಡೀ ಹಾಡನ್ನು ಮೊದಲಿನಿಂದ ಮತ್ತೆ ಮತ್ತೆ ಆಡುವವರು ಬರುವುದನ್ನೇ ಅಭ್ಯಾಸ ಮಾಡುತ್ತಾರೆ. ರೋಲ್ (ಎಡೆಬಿಡದ ಏಟುಗಳ ಸಾಲು) ಬಂದಾಗ ಬಲ, ಎಡ, ಬಲ, ಎಡ ಎಂದು ಬಿಡದೆ ಕೈ ಬದಲಿಸಿ, ಬಲಗೈಯಿಂದಲೇ ಆರಂಭಿಸಿ. ಅಂಕಗಳ ವಿಷಯದಲ್ಲಿ ತಿಳಿದಿರಬೇಕಾದದ್ದು ಇಷ್ಟೇ: ಕ್ಲೋನ್ ಹೀರೋದಲ್ಲಿ ತಪ್ಪಿಲ್ಲದ ಪ್ರತಿ 10 ನೋಟ್‌ಗಳಿಗೆ ಅಂಕದ ಗುಣಕ ಒಂದೊಂದೇ ಏರಿ 30ಕ್ಕೆ ನಾಲ್ಕರಷ್ಟಾಗುತ್ತದೆ, ವಿಶೇಷ ನೋಟ್‌ಗಳನ್ನು ಹೊಡೆದು ಗಳಿಸುವ ಸ್ಟಾರ್ ಪವರ್ ಅದನ್ನು ಎಂಟಕ್ಕೆ ಏರಿಸುತ್ತದೆ, ಇಲ್ಲದ ಏಟು ಬಿದ್ದರೆ ಗುಣಕ ಮತ್ತೆ ಒಂದಕ್ಕೆ ಇಳಿಯುತ್ತದೆ. ಹೀಗಾಗಿ ಅಲಂಕಾರಕ್ಕೆಂದು ಹೆಚ್ಚಿನ ಏಟು ಹಾಕುವ ತಬಲಾ ವಿದ್ಯಾರ್ಥಿಗಳಿಗೆ ಗೇಮ್ ಬಹಳ ನಿರ್ದಯವಾಗಿರುತ್ತದೆ.

ಈ ಗೇಮ್‌ಗಳು ಏಟು ಬಿತ್ತೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತವೆ. ತುಸು ಮುಂಚೆ ಬಿತ್ತೇ, ತುಸು ತಡವಾಯಿತೇ ಎಂಬುದನ್ನು ಆಡುವಾಗ ತಿಳಿಸುವುದಿಲ್ಲ. ಅದನ್ನು ತಿಳಿಯಲು ಹೆಡ್‌ಫೋನ್ ಹಾಕಿಕೊಂಡು ಆಡುತ್ತಾ ಪ್ಯಾಡ್‌ಗಳ ಸದ್ದನ್ನು ಮೊಬೈಲಿನಲ್ಲಿ ಮುದ್ರಿಸಿ, ಹಾಡಿಲ್ಲದೆ ಕೇಳಿ. ಸದ್ದಿನಲ್ಲಿ ತಾಳ ಕುಂಟುತ್ತಿದ್ದರೆ ಪರದೆಯಲ್ಲಿ ನೂರಕ್ಕೆ ನೂರು ಬಂದಿದ್ದರೂ ಹಂತ ಏರಬಾರದು.

ಹಾರ್ಡ್‌ನಿಂದ ಎಕ್ಸ್‌ಪರ್ಟ್‌ಗೆ ಯಾವಾಗ ಹೋಗಬೇಕೆಂದು ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಹಾಕಿಸಿ, ನಡುವೆ ಎರಡು ಸಾಲುಗಳ ಅವಧಿಗೆ ಪರದೆಯ ಮೇಲೆ ಟವೆಲ್ ಎಳೆಯುತ್ತೇನೆ. ಟವೆಲ್ ತೆಗೆದಾಗ ಗುಣಕ ಇನ್ನೂ ನಾಲ್ಕರಲ್ಲೇ ನಿಂತಿದ್ದರೆ ಅವರು ಹೋಗಬಹುದು. ಕಳೆದ ಭಾನುವಾರ ನಾಲ್ವರಲ್ಲಿ ಒಬ್ಬ ಹೋದ, ಉಳಿದ ಮೂವರು ತಿರಕಿಟ ಹೇಳುತ್ತಾ ಗೋಣಿಚೀಲದ ಸುತ್ತ ಕುಳಿತರು.