ಹೆಂಗೆ ತಿರುಗ್ಸಿದ್ರೂ ಕೂಡೋ ಡಂಜನ್ ಟೈಲ್ ಬರೆಯೋದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಕಥೆ ಕಟ್ಕೊಂಡು ಆಡೋ ಆಟನ ಆಡ್ಸೋರು ಪ್ರತಿ ಸಲ ಡಂಜನ್ನಿನ (ನೆಲದಡಿ ಸೆರೆಮನೆ, ಸುರಂಗ ಇಂಥವು) ಹೊಸ ಮ್ಯಾಪ್ ಬರೀತಾ ಕೂರೋ ಬದ್ಲು ಒಂದು ಹನ್ನೆರಡು ಟೈಲ್, ಅಂದ್ರೆ ಮ್ಯಾಪಿನ ಬಿಡಿ ತುಂಡು, ಮಾಡಿಟ್ಕೊಳ್ಳಿ, ಬೇಕಾದಂಗೆ ಜೋಡಿಸ್ಬೋದು. ಆಟದಲ್ಲಿ 1 ಇಂಚಿನ ಚೌಕ ಅಂದ್ರೆ 5 ಅಡಿ. ಟೈಲು 5 ಇಂಚು ಉದ್ದ 5 ಇಂಚು ಅಗಲ ಇರ್ಲಿ, ಒಂದು ಎ4 ಹಾಳೇಲಿ ಎರಡು ಹಿಡಿಯತ್ತೆ.

ಮೊದ್ಲು ಪೆನ್ಸಿಲಲ್ಲಿ ಚೌಕ ಹಾಕಿ ನಾಕೂ ಅಂಚಲ್ಲಿ 3ನೇ ಚೌಕನ ದಾರಿಗೆ ಬಿಟ್ಬಿಡಿ. ಇದೇ ಜೀವ. 2ನೇದು ಒಂದನ್ನೇ ಬಿಟ್ರೆ ಟೈಲ್ ಉಲ್ಟಾ ತಿರುಗ್ಸಿದಾಗ ಅದು 4ನೇ ಜಾಗಕ್ಕೆ ಹೋಗತ್ತೆ, ಪಕ್ಕದ ಟೈಲಿನ ದಾರಿ ಗೋಡೆಗೆ ಬಡಿಯತ್ತೆ. ಎರಡೆರಡು ದಾರಿ ಬೇಕು ಅಂದ್ರೆ 2 ಮತ್ತೆ 4 ಎರಡೂ ಬಿಡಿ, ಆದ್ರೆ ಆಗ ಇಡೀ ಸೆಟ್ಟೇ ಹಂಗಿರ್ಬೇಕು. ಯಾವ ದಾರೀನೂ ಟೈಲಲ್ಲೇ ಮುಚ್ಬೇಡಿ, ಕುಸಿದ ಕಲ್ಲು, ಬಾಗಿಲು ಇವನ್ನ ಸಣ್ಣ ಚೂರಲ್ಲಿ ಬೇರೆ ಬರ್ಕೊಂಡು ಬೇಕಾದಾಗ ಮೇಲಿಡಿ.

ಒಳಗಡೆ ನಿಮ್ಮಿಷ್ಟ. ಗೋಡೆಗೆ ದಪ್ಪ ಪೆನ್ನು, ಚೌಕಕ್ಕೆ ತೆಳ್ಳಂದು, ಗೋಡೆ ಆಚೆ ಮೂರ್ಮೂರು ಗೀಟು ದಿಕ್ಕು ಬದಲಾಯಿಸ್ತಾ ಎಳೀರಿ. ನೆರಳು ಮಾತ್ರ ಬೇಡ, ಅಕ್ಷರನೂ ಬೇಡ, ತಿರುಗ್ಸಿದ ಕೂಡ್ಲೆ ಎರಡೂ ತಪ್ಪಾಗಿ ಕಾಣತ್ತೆ.

ದೊಡ್ಡ ಕೋಣೆ ಬೇಕಾದ್ರೆ ನಮ್ಮ ಶ್ರೀರಂಗಪಟ್ಟಣದ ಕರ್ನಲ್ ಬೇಯ್ಲಿ ಡಂಜನ್‌ಗೆ (ಟಿಪ್ಪು ಕಾಲದಲ್ಲಿ ಬ್ರಿಟಿಷ್ ಕೈದಿಗಳನ್ನ ಇಟ್ಟಿದ್ದ ಸೆರೆಮನೆ) ಹೋಗಿ ಬನ್ನಿ, ರಂಗನಾಥಸ್ವಾಮಿ ದೇವಸ್ಥಾನದಿಂದ ದೂರ ಇಲ್ಲ, ಮೈಸೂರಿಂದನೂ ಅರ್ಧ ದಿನದ ಕೆಲಸ. ಸುಮಾರು 100 ಅಡಿ ಉದ್ದ, 40 ಅಡಿ ಅಗಲ, ಅಂದ್ರೆ ನಮ್ಮ ಲೆಕ್ಕದಲ್ಲಿ 20 ಚೌಕ ಇಂಟು 8. ಟೈಲನ್ನ ಉದ್ದಕ್ಕೆ ನಾಕು, ಅಗಲಕ್ಕೆ ಎರಡು ಇಟ್ರೆ 20 ಇಂಟು 10 ಆಗತ್ತೆ, ಮೇಲೊಂದು ಸಾಲು ಕೆಳಗೊಂದು ಸಾಲು ಗೋಡೆಗೆ ಬಿಟ್ರೆ ಕೋಣೆ ಹಂಗಂಗೇ ಕೂತ್ಕೊಳ್ಳತ್ತೆ, ಎಷ್ಟು ಚೆಂದ ನೋಡಿ! ಕೈದಿಗಳನ್ನ ಸರಪಳಿ ಹಾಕಿ ಕಟ್ಟೋಕೆ ಗೋಡೆಯಿಂದ ತೂತಿರೋ ಕಲ್ಲು ಚಾಚ್ಕೊಂಡಿವೆ, ಅವನ್ನ ಗೋಡೆಗೆ ಅಂಟ್ಕೊಂಡ ಸಣ್ಣ ಚೌಕ, ನಡುವೆ ಒಂದು ಚುಕ್ಕಿ ಇಟ್ಟು ತೋರ್ಸಿ, ಆಡೋರು ಇದೇನು ಅಂತ ಕೇಳೇ ಕೇಳ್ತಾರೆ. ಈ ಎಂಟು ಟೈಲ್ ಒಳಗಡೆ ಪೂರ್ತಿ ಓಪನ್ನು, ಹಂಗಾಗಿ ಹಿಂದೆ ನಂಬರ್ ಬರೆದು ಬೇರೆ ಇಡಿ, ಹೊರಗಡೆ ಅಂಚಲ್ಲಿ ಮಾತ್ರ ಎಲ್ಲಾದ್ರೂ ಒಂದು ಕಡೆ 3ನೇ ಚೌಕ ಬಿಟ್ರೆ ಮಿಕ್ಕಿದ್ದಕ್ಕೆ ಸೇರತ್ತೆ.

ಮೂಲ ಹಾಳೇನ ಇಟ್ಕೊಂಡು ಜೆರಾಕ್ಸ್ ಮಾಡ್ಸಿ, ಅಳತೆ ನೂರಕ್ಕೆ ನೂರೇ ಇರ್ಲಿ ಅಂತ ಅಂಗಡಿಯವ್ರಿಗೆ ಹೇಳಿ. ಮೊದ್ಲು ರಟ್ಟಿಗೆ ಅಂಟಿಸಿ, ಒಣಗಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕಟರಲ್ಲಿ ಕುಯ್ಯಿರಿ.